ಮೊದಲ ಪುಸ್ತಕಕ್ಕೆ ಏಜೆಂಟ್ ಬೇಕೇ?

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವಳು. ಹನ್ನೊಂದು ಕಥೆಗಳಿವೆ, ನಾಲ್ಕು ಪತ್ರಿಕೆಗಳಲ್ಲಿ ಬಂದಿವೆ. ಪುಸ್ತಕ ತರುವ ಆಸೆ. ಬೆಂಗಳೂರಿನ ಪ್ರಕಾಶಕರ ಪರಿಚಯವಿಲ್ಲ. ಲೇಖಕರ ಪರವಾಗಿ ಪ್ರಕಾಶಕರೊಡನೆ ಮಾತಾಡುವ ಲಿಟರರಿ ಏಜೆಂಟ್ ಮೂಲಕ ಹೋದರೆ ಕೆಲಸ ಸಲೀಸು ಎನ್ನುತ್ತಾರೆ. ಅವರನ್ನು ಹುಡುಕುವುದು ಹೇಗೆ?

ಉತ್ತರ: ಕನ್ನಡ ಪುಸ್ತಕಕ್ಕೆ ಏಜೆಂಟ್ ಬೇಡ, ಬೇಕೆಂದರೂ ಸಿಗುವುದು ಕಷ್ಟ. ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಪುಸ್ತಕದ ಬೆಲೆ 160 ರೂಪಾಯಿ, ಮೊದಲ ಮುದ್ರಣ 500 ಪ್ರತಿ, ರಾಯಧನ, ಅಂದರೆ ಬೆಲೆಯಲ್ಲಿ ಲೇಖಕರ ಪಾಲು, ಶೇ 10 ಎಂದಿಟ್ಟುಕೊಳ್ಳಿ. ಅಷ್ಟೂ ಖರ್ಚಾದರೆ ನಿಮ್ಮ ಕೈಗೆ 8,000 ರೂಪಾಯಿ. ಏಜೆಂಟರ ವಾಡಿಕೆಯ ಪಾಲು ಶೇ 15, ಅಂದರೆ 1,200. ಅಷ್ಟಕ್ಕಾಗಿ ಹಸ್ತಪ್ರತಿ ಓದಿ, ಹತ್ತು ಕಡೆ ಫೋನಾಯಿಸಿ, ಕರಾರು ಕುದುರಿಸುವವರು ಯಾರು?

ಆದ್ದರಿಂದ ಯಾರಾದರೂ ‘ನಾನು ಏಜೆಂಟ್, ಇಷ್ಟು ಸಾವಿರ ಮುಂಗಡ ಕೊಡಿ’ ಎಂದರೆ ಅವರು ಏಜೆಂಟ್ ಅಲ್ಲ, ಅಚ್ಚು ಹಾಕಿಸಿಕೊಡುವ ಗುತ್ತಿಗೆದಾರರು. ನಿಜವಾದ ಏಜೆಂಟ್ ಲೇಖಕರ ಗಳಿಕೆಯಲ್ಲಿ ಪಾಲು ಪಡೆಯುತ್ತಾರೆಯೇ ಹೊರತು ಅವರ ಜೇಬಿಗೆ ಕೈ ಹಾಕುವುದಿಲ್ಲ. ಸ್ವಂತ ಖರ್ಚಿನಲ್ಲಿ ಪುಸ್ತಕ ತರುವುದರಲ್ಲಿ ತಪ್ಪೇನಿಲ್ಲ. ಕಾಸರಗೋಡಿನವರೇ ಆದ ಲೇಖಕಿ ಸಾರಾ ಅಬೂಬಕ್ಕರ್ ಚಂದ್ರಗಿರಿ ಪ್ರಕಾಶನವನ್ನು ತಾವೇ ನಡೆಸಿದರು. ಆದರೆ ದುಡ್ಡು ಯಾವುದಕ್ಕೆ ಹೋಗುತ್ತಿದೆ ಎಂಬುದು ಗೊತ್ತಿರಲಿ. ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ್ ರಾಯ್ ಹೆಸರಿನ ಕೇಂದ್ರ ಸರ್ಕಾರದ ಏಜೆನ್ಸಿ ಉಚಿತವಾಗಿಯೇ ಕೊಡುತ್ತದೆ. ಅದಕ್ಕೂ ಬಿಲ್ ಹಾಕುವವರ ಸಹವಾಸ ಬೇಡ.

ಪರಿಚಯವಿಲ್ಲದವರಿಗೆ ಒಳ್ಳೆಯ ದಾರಿ ಹಸ್ತಪ್ರತಿ ಸ್ಪರ್ಧೆ. ಛಂದ ಪುಸ್ತಕ ಸಂಸ್ಥೆ ಇನ್ನೂ ಕಥಾಸಂಕಲನ ತಾರದವರ ಹಸ್ತಪ್ರತಿಗಳನ್ನು ಆಹ್ವಾನಿಸಿ, ಆಯ್ಕೆಯಾದದ್ದಕ್ಕೆ ಬಹುಮಾನ ಕೊಟ್ಟು ತಾನೇ ಪ್ರಕಟಿಸುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರದಿಂದ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನವೂ ಉಂಟು. ಅದರ ಪ್ರಕಟಣೆ ಬಂದಾಗ ವಯಸ್ಸಿನ ಮಿತಿಯನ್ನೂ, ಕೇರಳದ ವಿಳಾಸದವರಿಗೆ ಅವಕಾಶವಿದೆಯೇ ಎಂಬುದನ್ನೂ ಮೊದಲು ನೋಡಿ. ನಮ್ಮ ಭಾಗದವರ ಅರ್ಜಿಗಳು ಮಗುಚಿ ಬೀಳುವುದು ಇಂಥಲ್ಲೇ.

ನೇರವಾಗಿ ಪ್ರಕಾಶಕರಿಗೆ ಬರೆಯುವುದಾದರೆ ಅವರ ಈಚಿನ ಪುಸ್ತಕಗಳಲ್ಲಿ ನಾಲ್ಕನ್ನಾದರೂ ಓದಿರಬೇಕು. ಪಠ್ಯಪುಸ್ತಕ, ವ್ಯಕ್ತಿತ್ವ ವಿಕಸನದ ಪುಸ್ತಕ ತರುವವರಿಗೆ ಕಥೆ ಕಳಿಸಿ ಕಾಯುವುದು ದಂಡ. ಪತ್ರ ಒಂದು ಪುಟ ಮೀರದಿರಲಿ: ಕಥೆಗಳೆಷ್ಟು, ಒಟ್ಟು ಪದಗಳೆಷ್ಟು, ಯಾವುದು ಎಲ್ಲಿ ಪ್ರಕಟವಾಗಿದೆ, ಸಂಕಲನದ ಹುರುಳೇನು. ಜೊತೆಗೆ ನಿಮ್ಮ ಅತ್ಯುತ್ತಮ ಮೂರು ಕಥೆಗಳು. ಮುನ್ನುಡಿ, ಬೆನ್ನುಡಿ ಬರೆಸಿಕೊಂಡು ಹೊರಡುವ ಅವಸರ ಬೇಡ. ಮೂರು ತಿಂಗಳಾದರೂ ಸುದ್ದಿಯಿಲ್ಲದಿದ್ದರೆ ಒಮ್ಮೆ ನೆನಪಿಸಿ, ಆಮೇಲೆ ಮುಂದಿನವರಿಗೆ ಕಳಿಸಿ.

ಫೈಲಿನ ಸಂಗತಿ ಸಣ್ಣದೆನಿಸುತ್ತದೆ, ತೊಂದರೆ ಹುಟ್ಟುವುದು ಅಲ್ಲೇ. ಕಳಿಸುವ ಮುನ್ನ ಅದನ್ನು ಫೋನಿನಲ್ಲಿ ತೆರೆಯಿರಿ. ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ನೀವು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ್ದೀರಿ. ಯಾವ ಫೋನಿನಲ್ಲೂ ಸರಿಯಾಗಿ ಕಾಣುವ ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಸಾಲು ಸಾಲಾಗಿ ನೋಡಿ. ಪರಿವರ್ತನೆಯಲ್ಲಿ ಕೆಡುವುದು ಹೆಚ್ಚಾಗಿ ಅವೇ.

ನಮ್ಮ ಭಾಗದ ಬರಹಕ್ಕೆ ಇನ್ನೊಂದು ಕಂಟಕ ಕರಡು ತಿದ್ದುವವರಿಂದ. ಪಾತ್ರ ‘ಎಂತ ಮಾಡುದು ಮಾರಾಯ್ತಿ’ ಎಂದದ್ದು ಅಚ್ಚಾಗಿ ಬರುವಾಗ ‘ಏನು ಮಾಡುವುದು’ ಆಗಿರುತ್ತದೆ, ಮಾರಾಯ್ತಿ ನಾಪತ್ತೆ. ತುಳು, ಹವ್ಯಕ, ಮಲಯಾಳಂ ಮಾತುಗಳು ಬರುವ ಕಥೆಯಾದರೆ ‘ಇವನ್ನು ತಿದ್ದಬೇಡಿ’ ಎಂದು ಪದಗಳ ಪಟ್ಟಿಯೊಂದನ್ನು ಮೊದಲ ಪುಟದಲ್ಲೇ ಕೊಡಿ. ಪುಟವಿನ್ಯಾಸವಾದ ಮೇಲಿನ ಕೊನೆಯ ಕರಡು ನಿಮ್ಮ ಕೈಗೆ ಬರಲೇಬೇಕೆಂದು ಕೇಳಿ.

ಒಪ್ಪಿದ ಪ್ರಕಾಶಕರು ‘ನಮ್ಮೊಳಗೆ ಬರಹವೆಲ್ಲ ಯಾಕೆ’ ಎಂದರೂ ಎರಡು ಪುಟದ ಕರಾರು ಮಾಡಿಕೊಳ್ಳಿ. ಹಕ್ಕು ಬಿಟ್ಟುಕೊಡುವುದು ಲಿಖಿತವಾಗಿರಬೇಕು, ಸಹಿ ಇರಬೇಕು ಎಂದು 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮು ಹೇಳುತ್ತದೆ. ಅವಧಿ ನಮೂದಿಸದಿದ್ದರೆ ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು ಅರ್ಥ. ಹಕ್ಕು ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಅದು ರದ್ದಾಗುತ್ತದೆ. ಪ್ರತಿಗಳ ಸಂಖ್ಯೆ, ಗೌರವ ಪ್ರತಿ, ರಾಯಧನ ಕೊಡುವ ತಿಂಗಳು ಎಲ್ಲ ಬರಲಿ. ಕರ್ನಾಟಕದ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆಯ್ಕೆಯಾದರೆ ಒಮ್ಮೆಲೇ ನೂರಾರು ಪ್ರತಿ ಹೋಗುತ್ತದೆ. ಅದಕ್ಕೂ ರಾಯಧನ ಉಂಟೇ ಎಂದು ಬಾಯಿಬಿಟ್ಟು ಕೇಳಿ ಬರೆಸಿ. ಸಂಕೋಚಪಟ್ಟವರಿಗೆ ಕೊನೆಗೆ ಸಿಗುವುದು ರಾಯಧನದ ಬದಲು ಐವತ್ತು ಪ್ರತಿಗಳ ಕಟ್ಟು.

ಅನುವಾದ, ಆಡಿಯೋ, ಸಿನಿಮಾ ಹಕ್ಕುಗಳನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಕಾಸರಗೋಡಿನ ಕಥೆಗೆ ಮಲಯಾಳಂ ಓದುಗರು ಪಕ್ಕದ ಮನೆಯಲ್ಲೇ ಇದ್ದಾರೆ, ಅಲ್ಲಿಂದ ಕರೆ ಬರುವುದು ಅಪರೂಪವೇನಲ್ಲ.

ಏಜೆಂಟ್ ನಿಜಕ್ಕೂ ಬೇಕಾಗುವುದು ಕಥೆಗಳು ಇಂಗ್ಲಿಷಿಗೆ ಹೋಗುವಾಗ. ಬಾನು ಮುಷ್ತಾಕ್ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಕನ್ನಡದ ಬಗ್ಗೆ ಹೊರಗೆ ಕುತೂಹಲ ಹೆಚ್ಚಿದೆ. ಆಗ ಏಜೆಂಟರಿಗೆ ಕಳಿಸಬೇಕಾದ್ದು ಕನ್ನಡ ಪುಸ್ತಕವಲ್ಲ. ಅನುವಾದಿತ ಎರಡು ಮೂರು ಕಥೆ, ಉಳಿದವುಗಳ ಸಾರಾಂಶ, ನಿಮ್ಮ ಮತ್ತು ಅನುವಾದಕರ ಪರಿಚಯ. ವಿದೇಶಿ ಹಕ್ಕಿಗೆ ಶೇ 20ರವರೆಗೆ ಪಾಲು ಕೇಳುವುದು ರೂಢಿ. ಅನುವಾದಕರಿಗೂ ನಿಮಗೂ ಹಣ ಹೇಗೆ ಹಂಚಿಕೆಯಾಗಬೇಕು ಎಂಬುದನ್ನು ಏಜೆಂಟರಿಗೆ ಬರೆಯುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಕರಾರು ಎದುರಿಗೆ ಬಂದಾಗ ಆ ಚರ್ಚೆ ಶುರುವಾದರೆ ಪುಸ್ತಕವೇ ನಿಂತುಹೋಗಬಹುದು.