ವಿಜ್ಞಾನದ ಸಾಫ್ಟ್‌ವೇರ್ ಲಿನಕ್ಸ್‌ಗೆ ಬರೋದು ಯಾಕಿಷ್ಟು ತಡ?

ನಂಪೈ, ಅಂದರೆ ಪೈಥಾನ್ ಭಾಷೆಯಲ್ಲಿ ಸಂಖ್ಯೆಗಳ ಲೆಕ್ಕ ಮಾಡುವ ಲೈಬ್ರರಿ (ಬೇರೆ ಪ್ರೋಗ್ರಾಮ್‌ಗಳು ಬಳಸುವ ಸಿದ್ಧ ಕೋಡ್) ಬೇಕು ಅಂದರೆ ಇವತ್ತು ಲಿನಕ್ಸ್‌ನಲ್ಲಿ ಕಮ್ಮಿ ಅಂದರೂ ನಾಲ್ಕು ದಾರಿಗಳಿವೆ. ಡೆಬಿಯನ್, ಉಬುಂಟು ಥರದ ಡಿಸ್ಟ್ರಿಬ್ಯೂಷನ್ (ಲಿನಕ್ಸನ್ನು ಪ್ರೋಗ್ರಾಮ್‌ಗಳ ಸಮೇತ ಜೋಡಿಸಿ ಕೊಡುವ ವ್ಯವಸ್ಥೆ) ಇದ್ದರೆ ಅದರದೇ ಇನ್‌ಸ್ಟಾಲ್ ಸಾಧನ ಆಪ್ಟ್ ಇದೆ. ಪೈಥಾನ್‌ನವರ ಪಿಪ್ ಇದೆ. ಕೊಂಡಾ ಇದೆ. ಸೂಪರ್‌ಕಂಪ್ಯೂಟರ್ ಇರುವ ಕಡೆ ಸ್ಪ್ಯಾಕ್ ಅಥವಾ ಈಸಿಬಿಲ್ಡ್ ಇದೆ. ಎಲ್ಲದರಲ್ಲೂ ಸಿಗೋದು ಅದೇ ನಂಪೈ. ಆದರೆ ಒಂದನ್ನು ಇನ್ನೊಂದರ ಜೊತೆ ಬೆರೆಸಿದರೆ ಮಾತ್ರ ಎರಡೂ ಕೈಕೊಡಬಹುದು. ಹೊಸದಾಗಿ ಲ್ಯಾಬ್ ಸೇರಿದ ವಿದ್ಯಾರ್ಥಿಗೆ ಇದು ತಲೆಬುಡ ತಿಳಿಯದ ವಿಷಯ. ಹಳಬರಿಗೂ ಅಷ್ಟೆ, ಅವರು ಒಂದು ದಾರಿ ಹಿಡಿದು ಸುಮ್ನಾಗಿದ್ದಾರೆ.

ಮೊದಲಿಗೆ ಇಷ್ಟು ಗೋಜಲು ಇರಲಿಲ್ಲ, ಯಾಕೆಂದರೆ ಪ್ಯಾಕೇಜ್, ಅಂದರೆ ನೇರವಾಗಿ ಇನ್‌ಸ್ಟಾಲ್ ಮಾಡಬಹುದಾದ ಸಿದ್ಧ ಕಟ್ಟು, ಅನ್ನೋದೇ ಇರಲಿಲ್ಲ. 1979ರಲ್ಲಿ ರೇಖೀಯ ಬೀಜಗಣಿತದ (ವೆಕ್ಟರ್, ಮ್ಯಾಟ್ರಿಕ್ಸ್‌ಗಳ ಗಣಿತದ) ಲೈಬ್ರರಿ ಬ್ಲಾಸ್ ಬಂತು, 1985ರಿಂದ ನೆಟ್‌ಲಿಬ್ ಅನ್ನುವ ಕೋಡ್ ಭಂಡಾರಕ್ಕೆ ಇಮೇಲ್ ಹಾಕಿದರೆ ಫೋರ್ಟ್ರಾನ್ ಕೋಡ್ ಮನೆಬಾಗಿಲಿಗೆ ಬರುತ್ತಿತ್ತು, 1992ರಲ್ಲಿ ಬ್ಲಾಸ್ ಮೇಲೆ ಕಟ್ಟಿದ ಲ್ಯಾಪ್ಯಾಕ್ ಬಂತು. ತರಿಸಿಕೊಂಡವರು ತಾವೇ ಕಂಪೈಲ್ ಮಾಡಿಕೊಳ್ಳುತ್ತಿದ್ದರು, ಅಂದರೆ ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತಂದುಕೊಳ್ಳುತ್ತಿದ್ದರು. ಕೆಟ್ಟರೆ ಅವರ ಪಾಡು ಅವರಿಗೆ.

1993ರಲ್ಲಿ ಇಯಾನ್ ಮರ್ಡಾಕ್ ಡೆಬಿಯನ್ ಶುರುಮಾಡಿದರು. ಇಂಥ ಡಿಸ್ಟ್ರಿಬ್ಯೂಷನ್‌ಗಳು ಬೇರೆ ಶಿಸ್ತನ್ನು ತಂದವು. ಇಡೀ ಸಿಸ್ಟಮ್‌ಗೆ ಒಂದು ಲೈಬ್ರರಿಯ ಒಂದೇ ಪ್ರತಿ ಇರಬೇಕು, ಎಲ್ಲ ಪ್ರೋಗ್ರಾಮ್‌ಗಳೂ ಅದನ್ನೇ ಹಂಚಿಕೊಳ್ಳಬೇಕು. ಇದು ಬರೀ ಮಡಿವಂತಿಕೆ ಅಲ್ಲ. 2002ರಲ್ಲಿ ಡೇಟಾ ಕುಗ್ಗಿಸುವ ಲೈಬ್ರರಿ ಜೆಡ್‌ಲಿಬ್‌ನಲ್ಲಿ ಒಂದು ಭದ್ರತಾ ದೋಷ ಸಿಕ್ಕಿತು. ಹಂಚಿಕೊಂಡು ಬಳಸುತ್ತಿದ್ದ ಪ್ರೋಗ್ರಾಮ್‌ಗಳೆಲ್ಲ ಒಂದೇ ಅಪ್‌ಡೇಟ್‌ನಲ್ಲಿ ಸರಿಹೋದವು. ಅದೇ ಲೈಬ್ರರಿಯ ಪ್ರತಿಯನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದವನ್ನು ಮಾತ್ರ ಒಂದೊಂದಾಗಿ ಹುಡುಕಿ ರಿಪೇರಿ ಮಾಡಬೇಕಾಯಿತು.

ವಿಜ್ಞಾನಿಗಳ ಅಭ್ಯಾಸ ಇದಕ್ಕೆ ಉಲ್ಟಾ. ಬೇಕಾದ ಲೈಬ್ರರಿಯನ್ನು ತಮ್ಮ ಫೋಲ್ಡರಿಗೇ ಹಾಕಿಕೊಳ್ಳೋದು, ಎರಡು ಸಾಲು ತಿದ್ದೋದು, ಪೇಪರ್ ಪ್ರಕಟ ಆದಮೇಲೆ ಮರೆತುಬಿಡೋದು. ಲೈಸೆನ್ಸ್ ವಿಷಯದಲ್ಲೂ ಹಾಗೇ. 'ಶೈಕ್ಷಣಿಕ ಬಳಕೆಗೆ ಮಾತ್ರ' ಅಂತ ಒಂದು ಸಾಲು ಬರೆದರೆ ಉಪಕಾರ ಮಾಡಿದೆವು ಅಂತ ಬರೆದವರ ಭಾವನೆ. ಆದರೆ 1997ರ ಡೆಬಿಯನ್ ಮಾರ್ಗಸೂಚಿ ಪ್ರಕಾರ ಯಾವ ಕ್ಷೇತ್ರದ ಬಳಕೆಯನ್ನೂ ತಡೆಯುವ ಹಾಗಿಲ್ಲ. ಇಂಥ ನಿರ್ಬಂಧಗಳಿಂದ ಟ್ರಯಾಂಗಲ್, ಪಾರ್‌ಮೆಟಿಸ್ ಥರದ ಒಳ್ಳೊಳ್ಳೆ ಪ್ರೋಗ್ರಾಮ್‌ಗಳು ನಾನ್‌ಫ್ರೀ, ಅಂದರೆ ಮುಕ್ತವಲ್ಲದ, ವಿಭಾಗಕ್ಕೆ ಹೋದವು. 'ನ್ಯೂಮರಿಕಲ್ ರೆಸಿಪೀಸ್' ಪುಸ್ತಕದ್ದು ಇನ್ನೊಂದು ಕಥೆ. ಅದರ ಕೋಡನ್ನು ಹಂಚೋಕೆ ಅನುಮತಿ ಇರಲಿಲ್ಲ. ಆದರೂ ಎಷ್ಟೋ ಪ್ರೋಗ್ರಾಮ್‌ಗಳ ಮೂಲೆಯಲ್ಲಿ ಅದರದೊಂದು ತುಂಡು ಕೂತಿರುತ್ತಿತ್ತು. ಪ್ಯಾಕೇಜ್ ಮಾಡುವವರು ಅದನ್ನು ಪತ್ತೆಹಚ್ಚಿ, ತೆಗೆದು, ಜಿಎಸ್‌ಎಲ್‌ನಂಥ ಮುಕ್ತ ಲೈಬ್ರರಿಯಿಂದ ಅದೇ ಕೆಲಸ ಮಾಡಿಸಬೇಕಿತ್ತು. ಅಪ್ಪಟ ಗುಮಾಸ್ತಿಕೆ ಅನ್ನಿಸುತ್ತದೆ, ಆದರೆ ಗಣಿತ ಗೊತ್ತಿಲ್ಲದೆ ಮಾಡೋಕಾಗಲ್ಲ.

ವೇಗದ ಪ್ರಶ್ನೆ ಬಂದಾಗ ಜಗಳ ಜೋರಾಯಿತು. 1990ರ ದಶಕದ ಕೊನೆಗೆ ಟೆನೆಸಿ ವಿಶ್ವವಿದ್ಯಾಲಯದಿಂದ ಬ್ಲಾಸ್‌ನ ವೇಗದ ರೂಪ ಅಟ್ಲಾಸ್ ಬಂತು. ಅದರ ಜಾಣತನ ಇರೋದು ಕಂಪೈಲ್ ಆಗುವ ಹೊತ್ತಿನಲ್ಲಿ. ಮ್ಯಾಟ್ರಿಕ್ಸನ್ನು ಎಷ್ಟೆಷ್ಟು ದೊಡ್ಡ ತುಂಡು ಮಾಡಿ ಗುಣಿಸಿದರೆ ಈ ಕಂಪ್ಯೂಟರ್‌ನಲ್ಲಿ ಬೇಗ ಮುಗಿಯುತ್ತದೆ ಅಂತ ಒಂದೊಂದಾಗಿ ಓಡಿಸಿ, ಟೈಮ್ ಅಳೆದು, ಗೆದ್ದದ್ದನ್ನು ಇಟ್ಟುಕೊಳ್ಳುತ್ತದೆ. ಒಂದೇ ಕಂಪ್ಯೂಟರ್ ಇದ್ದರೆ ಇದು ಅದ್ಭುತ. ಆದರೆ ಡೆಬಿಯನ್ ಪ್ಯಾಕೇಜ್ ತಯಾರಾಗೋದು ಎಲ್ಲೋ ಇರುವ ಸರ್ವರ್‌ನಲ್ಲಿ, ಓಡೋದು ನಿಮ್ಮ ಮೇಜಿನ ಮೇಲೆ. ಆ ಸರ್ವರ್‌ಗೆ ಒಪ್ಪುವ ಅಳತೆ ನಿಮಗೆ ಯಾಕೆ ಒಪ್ಪಬೇಕು? ಕೊನೆಗೆ ಡೆಬಿಯನ್‌ನವರು ಎಲ್ಲ ಕಡೆ ಓಡುವ ಸಾಧಾರಣ ಪ್ರತಿ ಕೊಟ್ಟು, ಜಾಸ್ತಿ ವೇಗ ಬೇಕಾದವರು ನಿಮ್ಮಲ್ಲೇ ಮತ್ತೆ ಕಂಪೈಲ್ ಮಾಡಿಕೊಳ್ಳಿ ಅಂತ ಸೂಚನೆ ಬರೆದಿಟ್ಟರು. ಸೂಚನೆ ಓದುವವರು ಎಷ್ಟು ಜನ, ಅಲ್ವಾ? 'ಡಿಸ್ಟ್ರಿಬ್ಯೂಷನ್ ಪ್ಯಾಕೇಜ್ ಅಂದರೆ ನಿಧಾನ' ಅನ್ನುವ ಮಾತು ಹರಡಿತು. ಆ ಮಾತು ಇವತ್ತಿಗೂ ಪೂರ್ತಿ ಸತ್ತಿಲ್ಲ.

ಉತ್ತರ ಸಿಕ್ಕಿದ್ದು ಬೇರೆ ಕಡೆಯಿಂದ. ಕಜುಶಿಗೆ ಗೊಟೊ ಕೈಯಾರೆ ಅಸೆಂಬ್ಲಿಯಲ್ಲಿ (ಪ್ರೊಸೆಸರ್‌ಗೆ ತೀರ ಹತ್ತಿರದ ಭಾಷೆಯಲ್ಲಿ) ಬರೆದ, ಬ್ಲಾಸ್‌ನ ಇನ್ನೊಂದು ರೂಪ ಗೊಟೊಬ್ಲಾಸ್ ಮುಕ್ತವಾಯಿತು. ಅದರಿಂದ 2011ರಲ್ಲಿ ಚೀನಾದಲ್ಲಿ ಓಪನ್‌ಬ್ಲಾಸ್ ಹುಟ್ಟಿತು. ಒಂದೇ ಫೈಲಿನಲ್ಲಿ ಹಲವು ಪ್ರೊಸೆಸರ್‌ಗಳ ಕೋಡ್ ಇಟ್ಟು, ಓಡುವಾಗ ಯಾವ ಪ್ರೊಸೆಸರ್ ಇದೆ ಅಂತ ನೋಡಿ ಆರಿಸಿಕೊಳ್ಳುವ ವ್ಯವಸ್ಥೆ ಅದರಲ್ಲಿದೆ. ಡೆಬಿಯನ್‌ನಲ್ಲಿ ಒಂದು ಕಮಾಂಡ್ ಕೊಟ್ಟರೆ ಸಾಕು, ಬ್ಲಾಸ್ ಬಳಸುವ ಪ್ರೋಗ್ರಾಮ್‌ಗಳೆಲ್ಲ ಹೊಸದಕ್ಕೆ ಬದಲಾಗುತ್ತವೆ. ಯಾವುದನ್ನೂ ಮತ್ತೆ ಕಂಪೈಲ್ ಮಾಡಬೇಕಿಲ್ಲ. ಇನ್ನೊಂದು ಡಿಸ್ಟ್ರಿಬ್ಯೂಷನ್ ಫೆಡೋರಾ ಇದೇ ಸೌಕರ್ಯವನ್ನು ಫ್ಲೆಕ್ಸಿಬ್ಲಾಸ್ ಮೂಲಕ 2020ರಲ್ಲಿ ತಂದಿತು. ಒಂದೇ ಪ್ರತಿ ಹಂಚಿಕೊಳ್ಳುವ ಪದ್ಧತಿ ವಿಜ್ಞಾನಕ್ಕೂ ಒಗ್ಗುತ್ತದೆ ಅನ್ನೋಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಅಷ್ಟರಲ್ಲಿ ಜನ ಬೇರೆ ದಾರಿ ಹಿಡಿದಾಗಿತ್ತು.

ಆ ಬೇರೆ ದಾರಿಯ ದೊಡ್ಡ ಉದಾಹರಣೆ ಸೇಜ್. 2005ರಲ್ಲಿ ವಿಲಿಯಂ ಸ್ಟೈನ್ ಶುರುಮಾಡಿದ ಗಣಿತದ ಸಾಫ್ಟ್‌ವೇರ್ ಅದು. ಪ್ಯಾರಿ, ಗ್ಯಾಪ್, ಮ್ಯಾಕ್ಸಿಮಾ, ಸಿಂಗ್ಯುಲರ್ ಥರದ ಎಷ್ಟೋ ಪ್ರೋಗ್ರಾಮ್‌ಗಳನ್ನು ಪೈಥಾನ್‌ನಿಂದ ಹೊಲಿದು ಒಂದು ಮಾಡಿದ್ದು. ಎಲ್ಲವೂ ಅದರ ಜೊತೆಗೇ ಬರುತ್ತಿದ್ದವು, ಪೈಥಾನ್ ಸಮೇತ. ಮದುವೆಗೆ ಬಂದ ನೆಂಟರು ಒಲೆ, ಪಾತ್ರೆ, ನೀರಿನ ಕೊಡ ಎಲ್ಲ ಹೊತ್ತು ಬಂದ ಹಾಗೆ. ಬಳಕೆದಾರರಿಗೆ ಆರಾಮ, ಒಂದು ಡೌನ್‌ಲೋಡ್‌ನಲ್ಲಿ ಕೆಲಸ ಮುಗೀತು. ಡೆಬಿಯನ್‌ಗೆ ತರಬೇಕು ಅಂದರೆ ಮಾತ್ರ ಆ ಗಂಟನ್ನು ಪೂರ್ತಿ ಬಿಚ್ಚಬೇಕು. ಪ್ರತಿ ತುಂಡನ್ನೂ ಬೇರೆ ಪ್ಯಾಕೇಜ್ ಮಾಡಬೇಕು. ಸೇಜ್‌ನವರು ಅದರಲ್ಲಿ ಏನು ತಿದ್ದಿದ್ದಾರೆ ನೋಡಬೇಕು. ಆ ತಿದ್ದುಪಡಿಯನ್ನು ಮೂಲದವರಿಗೆ ಒಪ್ಪಿಸಬೇಕು.

2008ರ ಸುಮಾರಿಗೆ ಸೇಜ್ ಒಮ್ಮೆ ಡೆಬಿಯನ್ ಒಳಗೆ ಬಂತು. ಹೊಸ ಹೊಸ ಆವೃತ್ತಿಗಳ ಓಟಕ್ಕೆ ಪ್ಯಾಕೇಜ್ ಹೆಜ್ಜೆ ಹಾಕಲಾಗದೆ ಹಳತಾಗಿ ಹೊರಗೂ ಹೋಯಿತು. ಮತ್ತೆ ಸ್ಥಿರ ಬಿಡುಗಡೆಯಲ್ಲಿ ಕಾಣಿಸಿಕೊಂಡಿದ್ದು 2017ರ ಜೂನ್‌ನಲ್ಲಿ, ಡೆಬಿಯನ್ 9ರ ಜೊತೆ.

ನಡುವೆ ಇಷ್ಟು ವರ್ಷ ಏನು ಮಾಡುತ್ತಿದ್ದರು ಅಂತ ಕೇಳುವವರು ಸೇಜ್‌ನ ಟೆಸ್ಟ್‌ಗಳನ್ನು ಒಮ್ಮೆ ನೋಡಬೇಕು. ಅದರ ದಾಖಲೆಯಲ್ಲಿರುವ ಉದಾಹರಣೆಗಳೇ ಟೆಸ್ಟ್‌ಗಳು. ಕಮಾಂಡ್ ಓಡಿಸಿದಾಗ ಬರುವ ಉತ್ತರ, ಬರೆದಿಟ್ಟ ಉತ್ತರ ಎರಡೂ ಅಕ್ಷರಕ್ಕೆ ಅಕ್ಷರ ಕೂಡಬೇಕು. ಎಲಿಪ್ಟಿಕ್ ಕರ್ವ್ ಒಂದರ ಜನಕ ಬಿಂದು ಕೇಳಿದಿರಿ ಅಂತಿಟ್ಟುಕೊಳ್ಳಿ. ಪ್ಯಾರಿಯ ಒಂದು ಆವೃತ್ತಿ ಪಿ ಅನ್ನುತ್ತದೆ, ಇನ್ನೊಂದು ಮೈನಸ್ ಪಿ ಅನ್ನಬಹುದು. ಗಣಿತದ ಪ್ರಕಾರ ಎರಡೂ ಸರಿ. ಟೆಸ್ಟ್ ಮಾತ್ರ ಕೆಂಪು. ಇದು ನಿಜವಾದ ತಪ್ಪೋ, ಬರೀ ಬೇರೆ ಉತ್ತರವೋ ಅಂತ ಯಾರಾದರೂ ಕೂತು ನೋಡಲೇಬೇಕು. ಒಂದಲ್ಲ, ರಾಶಿ ರಾಶಿ ಇಂಥವು. ಮೇಲಿಂದ ಡೆಬಿಯನ್ ಒಂದೇ ಬಗೆಯ ಕಂಪ್ಯೂಟರ್‌ಗೆ ತಯಾರಾಗಲ್ಲ. ಎಸ್390ಎಕ್ಸ್ ಅನ್ನುವ ಮೇನ್‌ಫ್ರೇಮ್‌ನಲ್ಲಿ ಬೈಟ್‌ಗಳ ಕ್ರಮವೇ ಉಲ್ಟಾ. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ಓಡುವ ಕೋಡ್ ಅಲ್ಲಿ ಫೈಲ್ ಓದುವಾಗ ಮುಗ್ಗರಿಸಬಹುದು. ಎಂದೂ ಮೇನ್‌ಫ್ರೇಮ್ ಮುಟ್ಟದ ಲೇಖಕರಿಗೆ ಈ ಬಗ್ ರಿಪೋರ್ಟ್ ಬಂದರೆ ಅವರಿಗೆ ಬೇಜಾರಾಗೋದು ಸಹಜ.

ಇದೇ ವರ್ಷಗಳಲ್ಲಿ ಡೆಬಿಯನ್ ಹೊರಗೆ ಬೇರೆ ದಾರಿಗಳು ಬೇಗ ಬೇಗ ಬಂದವು. 2012ರಲ್ಲಿ ಕೊಂಡಾ, 2013ರಲ್ಲಿ ಪ್ರೋಗ್ರಾಮನ್ನು ಅದಕ್ಕೆ ಬೇಕಾದ್ದರ ಸಮೇತ ಕಟ್ಟಿಕೊಡುವ ಡಾಕರ್, 2015ರಲ್ಲಿ ಬಳಕೆದಾರರ ಸಮುದಾಯವೇ ಕೊಂಡಾ ಪ್ಯಾಕೇಜ್ ಮಾಡುವ ಕೊಂಡಾ-ಫೋರ್ಜ್. 2020ರಲ್ಲಿ ಕೊಂಡಾ ಮಾಡಿದ ಅನಕೊಂಡಾ ಕಂಪನಿ ದೊಡ್ಡ ಸಂಸ್ಥೆಗಳ ವಾಣಿಜ್ಯ ಬಳಕೆಗೆ ದುಡ್ಡು ಕೇಳಿತು, ಆಗ ಕೆಲವರು ಕೊಂಡಾ-ಫೋರ್ಜ್ ಕಡೆ ಹೊರಳಿದರು. ಈ ಮಧ್ಯೆ 2016ರಲ್ಲಿ ಮೆನಿಲಿನಕ್ಸ್ ಎಂಬ ಒಪ್ಪಂದದಿಂದ ಪಿಪ್‌ಗೂ ಸಿದ್ಧ ಬೈನರಿಗಳು (ಮೊದಲೇ ಕಂಪೈಲ್ ಆದ ಪ್ರತಿಗಳು) ಬಂದವು. 2007ರ ಸೆಂಟ್‌ಒಎಸ್ 5ರಲ್ಲಿ ಕಂಪೈಲ್ ಮಾಡಿದರೆ ಅದಕ್ಕಿಂತ ಹೊಸ ಲಿನಕ್ಸ್‌ಗಳಲ್ಲೆಲ್ಲ ಓಡುತ್ತದೆ ಅನ್ನೋದು ಅದರ ಉಪಾಯ. ಅಚ್ಚ ಹೊಸ ವಿಜ್ಞಾನ ಹಳೇ ಲಿನಕ್ಸ್‌ನಲ್ಲಿ ತಯಾರಾಗುತ್ತಿತ್ತು.

ಪಿಪ್‌ನಿಂದ ನಂಪೈ ಹಾಕಿಕೊಂಡವರು ಅದರ ಪಕ್ಕದಲ್ಲೇ ಇರುವ ಲಿಬ್ಸ್ ಫೋಲ್ಡರ್ ತೆರೆದು ನೋಡಿ. ಓಪನ್‌ಬ್ಲಾಸ್‌ನ ಪೂರ್ತಿ ಪ್ರತಿ, ಜೊತೆಗೆ ಫೋರ್ಟ್ರಾನ್ ಲೈಬ್ರರಿ. ಸಿಸ್ಟಮ್‌ನಲ್ಲಿರುವುದರ ಜೊತೆ ಡಿಕ್ಕಿ ಆಗದಿರಲಿ ಅಂತ ಹೆಸರಿಗೊಂದು ವಿಚಿತ್ರ ಅಕ್ಷರಗಳ ಬಾಲ. ನಂಪೈ ಮೇಲೆ ಕಟ್ಟಿದ ಸೈಪೈ ಲೈಬ್ರರಿ ಹಾಕಿದರೆ ಅದರ ಫೋಲ್ಡರಿನಲ್ಲಿ ಇನ್ನೊಂದು ಓಪನ್‌ಬ್ಲಾಸ್. ಒಂದೇ ಪ್ರೋಗ್ರಾಮ್ ಓಡುವಾಗ ಎರಡೂ ಎದ್ದು, ಎರಡೂ ತಮ್ಮ ತಮ್ಮ ಥ್ರೆಡ್‌ಗಳನ್ನು (ಏಕಕಾಲಕ್ಕೆ ಓಡುವ ಕೆಲಸದ ಎಳೆಗಳನ್ನು) ಎಬ್ಬಿಸುತ್ತವೆ. ಡಿಸ್ಕ್ ಅಗ್ಗ, ಯಾರಿಗೂ ಬೇಸರವಿಲ್ಲ. ಇಂಥ ಪ್ರತಿಗಳಲ್ಲಿ ಜೆಡ್‌ಲಿಬ್‌ನಂಥ ದೋಷ ಸಿಕ್ಕಾಗ ಯಾರು ಎಲ್ಲೆಲ್ಲಿ ಹುಡುಕಬೇಕು ಅನ್ನೋದಕ್ಕೆ ಮಾತ್ರ ಪಿಪ್ ಕಡೆಯಿಂದ ಉತ್ತರ ಕೇಳಿಬರೋದು ಕಮ್ಮಿ.

2023ರ ಜೂನ್‌ನಲ್ಲಿ ಬಂದ ಡೆಬಿಯನ್ 12 ಗೆರೆ ಎಳೆಯಿತು. ಸಿಸ್ಟಮ್‌ನ ಪೈಥಾನ್ ಮೇಲೆ ಪಿಪ್ ಓಡಿಸಿದರೆ ಎರರ್ ಬರುತ್ತದೆ, ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಪೈಥಾನ್ ಲೈಬ್ರರಿಗಳಿಗೆ ಬೇರೆಯೇ ಜಾಗ, ಮಾಡಿಕೊಳ್ಳಿ ಅನ್ನುತ್ತದೆ. ದಾಟಲೇಬೇಕು ಅನ್ನುವವರಿಗೆ ಒಂದು ಆಯ್ಕೆ ಇದೆ, ಅದರ ಹೆಸರೇ 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್'. ಜನ ಬೈದರು. ಆದರೆ ಒಂದೇ ಮನೆಯಲ್ಲಿ ಇಬ್ಬರು ಯಜಮಾನರು ಇರೋಕಾಗಲ್ಲ ಅಂತ ಪೈಥಾನ್‌ನವರೂ ಲಿನಕ್ಸ್‌ನವರೂ ಕೂಡಿ ಒಪ್ಪಿದ ನಿಯಮ ಅದು.

ಇನ್ನೊಂದು ಕಡೆ ಗಂಟು ಸ್ವಲ್ಪ ಸಡಿಲವಾಗಿದೆ. ಸೇಜ್ ಈಗ ಸಿಸ್ಟಮ್‌ನಲ್ಲಿ ಸರಿಯಾದ ಪ್ಯಾರಿಯೋ ಗ್ಯಾಪೋ ಇದೆಯಾ ಅಂತ ಮೊದಲು ನೋಡುತ್ತದೆ. ಇದ್ದರೆ ಅದನ್ನೇ ಬಳಸುತ್ತದೆ. ವರ್ಷಗಟ್ಟಲೆ ಬಿಚ್ಚಿ ಬಿಚ್ಚಿ ಕಳಿಸಿದ ತಿದ್ದುಪಡಿಗಳ ಫಲ ಇದರಲ್ಲಿ ಇಲ್ಲ ಅನ್ನೋಕಾಗಲ್ಲ. 2002ರಿಂದ ನಡೆಯುತ್ತಿರುವ ವೈದ್ಯಕೀಯ ಸಾಫ್ಟ್‌ವೇರ್ ನೋಡಿಕೊಳ್ಳುವ ಡೆಬಿಯನ್ ಮೆಡ್ ಥರದ ತಂಡಗಳು ಪ್ಯಾಕೇಜ್ ಒಳಗೇ ಮೂಲ ಪೇಪರ್‌ನ ವಿವರ, ಡಿಒಐ (ಪೇಪರ್‌ನ ಗುರುತಿನ ಸಂಖ್ಯೆ) ಎಲ್ಲ ಬರೆದಿಡುತ್ತವೆ, ಬಳಸಿದವರು ಲೇಖಕರನ್ನು ಉಲ್ಲೇಖಿಸಲಿ ಅಂತ. ಪ್ಯಾಕೇಜ್ ಮಾಡಿದವರನ್ನು ಉಲ್ಲೇಖಿಸೋಕೆ ಅಲ್ಲಿ ಜಾಗ ಇಲ್ಲ.