ಬಿಸಿಲಿಗೆ ಸ್ವಿಚ್ ಇಲ್ಲ

2009ರ ಏಪ್ರಿಲ್ 5, ಭಾನುವಾರ. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನಲ್ಲಿ ಟಾರ್ಗೆಟ್ ಕಂಪನಿಯ ದೊಡ್ಡ ಮಳಿಗೆಯೊಂದರ ಚಾವಣಿ ಹೊತ್ತಿಕೊಂಡಿತು. ಮೇಲೆ 383 ಕಿಲೋವ್ಯಾಟ್ ಸಾಮರ್ಥ್ಯದ ಸೌರಫಲಕಗಳಿದ್ದವು. ಬೆಂಕಿ ಎದ್ದದ್ದು ಒಂದು ಕಡೆಯಲ್ಲ, ಎರಡು ಕಡೆ. ಹಾಗೆಂದು ರಕ್ಷಣಾ ವ್ಯವಸ್ಥೆ ಕೈಕೊಟ್ಟಿತ್ತೇ ಎಂದರೆ ಅದೂ ಇಲ್ಲ. ವಿದ್ಯುತ್ ಸೋರಿಕೆ ಕಂಡೊಡನೆ ಫ್ಯೂಸ್ ಹಾರಿತ್ತು, ಫಲಕದ ವಿದ್ಯುತ್ತನ್ನು ಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರ್ ತಾನಾಗಿ ನಿಂತಿತ್ತು. ಎಲ್ಲವೂ ಪಾಠದಲ್ಲಿ ಹೇಳಿದಂತೆ ನಡೆದು, ಚಾವಣಿ ಮಾತ್ರ ಉರಿಯಿತು.

ಸೌರವಿದ್ಯುತ್ತಿಗೆ ಇಂಥ ಅಂಗಡಿಯ ಚಾವಣಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಎಕರೆಗಟ್ಟಲೆ ಮಟ್ಟಸವಾದ ಜಾಗ, ನೆರಳು ಬೀಳಿಸುವ ಮರಗಳಿಲ್ಲ. ಹವಾನಿಯಂತ್ರಣ, ಫ್ರೀಜರ್, ದೀಪ ಎಲ್ಲವೂ ಹೆಚ್ಚು ವಿದ್ಯುತ್ ಬೇಡುವುದು ಹಗಲಿನಲ್ಲೇ. ಹಾಗಾಗಿ ಹಾಕಿದ ಹಣ ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ತಂತಿ ಎಲ್ಲೆಲ್ಲಿ ಹಾದುಹೋಗುತ್ತದೆ ಎಂದು ಕೇಳಿದ ಮಾಲೀಕರನ್ನು ನಾನಂತೂ ಕಂಡಿಲ್ಲ.

ಒಂದು ಸೌರಕೋಶ ಕೊಡುವುದು ಅರ್ಧ ವೋಲ್ಟಿಗಿಂತ ತುಸು ಹೆಚ್ಚು, ಅಷ್ಟೇ. ಅಂಥ 60 ಕೋಶ ಸೇರಿದರೆ ಒಂದು ಫಲಕ, ಹತ್ತಿಪ್ಪತ್ತು ಫಲಕಗಳನ್ನು ಪೋಣಿಸಿದರೆ ಒಂದು ಸರ. ಸರದ ತುದಿಗೆ ಬರುವಾಗ ಅದು ನೂರಾರು ವೋಲ್ಟಿನ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತು. ನಮ್ಮ ಮನೆಯ ಎಸಿ ವಿದ್ಯುತ್ತು ಸೆಕೆಂಡಿಗೆ ನೂರು ಸಲ ಸೊನ್ನೆಗಿಳಿದು ಏಳುತ್ತದೆ. ಕಿಡಿ ಹಾರಿದರೂ ಆ ಬಿಡುವಿನಲ್ಲಿ ಆರಿಹೋಗಲು ಅವಕಾಶವಿದೆ. ಡಿಸಿಗೆ ಅಂಥ ಬಿಡುವೇ ಇಲ್ಲ. ಇನ್ವರ್ಟರ್ ನಿಲ್ಲಿಸಿದರೆ ಡಿಸಿಯನ್ನು ಎಸಿ ಮಾಡುವ ಕೆಲಸ ನಿಲ್ಲುತ್ತದೆಯೇ ಹೊರತು, ಬೆಳಕಿರುವವರೆಗೆ ಫಲಕದ ವೋಲ್ಟೇಜು ಎಲ್ಲಿಗೂ ಹೋಗುವುದಿಲ್ಲ. 2013ರ ಸೆಪ್ಟೆಂಬರ್ 1ರಂದು ನ್ಯೂಜೆರ್ಸಿಯ ಡೆಲಾಂಕೊದಲ್ಲಿ ಮಾಂಸದ ಗೋದಾಮೊಂದು ಉರಿಯಿತು. ಮೇಲೆ 7,000ಕ್ಕೂ ಹೆಚ್ಚು ಫಲಕಗಳಿದ್ದ ಕಾರಣ ಅಗ್ನಿಶಾಮಕ ಸಿಬ್ಬಂದಿ ಆ ಚಾವಣಿಗೆ ಕಾಲಿಡಲಿಲ್ಲ.

ಬೇಕರ್ಸ್‌ಫೀಲ್ಡ್‌ಗೆ ಬರೋಣ. ಆಗಿನ ಅಮೆರಿಕದ ಪದ್ಧತಿಯಲ್ಲಿ ಡಿಸಿಯ ಎರಡು ತಂತಿಗಳಲ್ಲಿ ಒಂದನ್ನು, ಸಾಮಾನ್ಯವಾಗಿ ನೆಗೆಟಿವ್ ತಂತಿಯನ್ನು, ಸಣ್ಣ ಫ್ಯೂಸಿನ ಮೂಲಕ ಭೂಮಿಗೆ ಜೋಡಿಸಿಡುತ್ತಿದ್ದರು. ವಿದ್ಯುತ್ತು ಎಲ್ಲಾದರೂ ನೆಲಕ್ಕೆ ಸೋರಿದರೆ ಈ ಫ್ಯೂಸನ್ನು ಹಾದೇ ಹಿಂತಿರುಗಬೇಕು. ಕೆಲವೇ ಆಂಪಿಯರ್ ಮೀರಿದರೂ ಫ್ಯೂಸ್ ಹಾರುತ್ತದೆ. ಪಾಸಿಟಿವ್ ತಂತಿ ಸೋರಿದಾಗ ಇದು ಸರಿಯಾಗಿಯೇ ಕೆಲಸ ಮಾಡುತ್ತದೆ. ಸೋರಿದ್ದು ಭೂಮಿಗೆ ಜೋಡಿಸಿದ ತಂತಿಯೇ ಆದರೆ? ಅದೂ ಭೂಮಿಯೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿವೆ. ಸಮಮಟ್ಟದ ಎರಡು ಗದ್ದೆಗಳ ನಡುವೆ ಬದು ಒಡೆದರೆ ನೀರು ಅಷ್ಟಾಗಿ ಹರಿಯುವುದಿಲ್ಲ, ಒಡೆದದ್ದು ರೈತನ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿ ಆದದ್ದೂ ಅದೇ. ಒಂದು ಸಣ್ಣ ತಂತಿ ಲೋಹಕ್ಕೆ ತಾಗಿಕೊಂಡು ಸದ್ದಿಲ್ಲದೆ ಕೂತಿತ್ತು, ಫ್ಯೂಸಿಗೆ ಅದರ ಸುಳಿವೇ ಇರಲಿಲ್ಲ.

ಆಮೇಲೆ ಇನ್ನೊಂದು ತಂತಿ ಸೋರಿತು. ಈ ಸಲದ್ದು ದಪ್ಪ ತಂತಿ, ಭೂಮಿಗೆ ಜೋಡಿಸದ ಬದಿಯದು. ಪ್ರವಾಹ ಫ್ಯೂಸಿಗೆ ನುಗ್ಗಿತು, ಫ್ಯೂಸ್ ಹಾರಿತು. ತೂಬು ಮುಚ್ಚಿದಂತಾಯಿತು, ಆದರೆ ಬದು ಮೊದಲೇ ಒಡೆದಿತ್ತಲ್ಲ! ಫ್ಯೂಸಿನ ದಾರಿ ಕಡಿದ ಮೇಲೆ ಪ್ರವಾಹ ಲೋಹದ ಚೌಕಟ್ಟನ್ನು ಹಾದು, ಮೊದಲು ತಾಗಿಕೊಂಡಿದ್ದ ಆ ಸಣ್ಣ ತಂತಿಯತ್ತ ತಿರುಗಿತು. ಇನ್ವರ್ಟರೂ ನಿಂತದ್ದರಿಂದ ನೂರಾರು ಆಂಪಿಯರಿಗೆ ಉಳಿದದ್ದು ಅದೊಂದೇ ದಾರಿ. ಕಾಪಾಡಬೇಕಿದ್ದ ಎರಡೂ ಕ್ರಮಗಳು ಸೇರಿ ಬೆಂಕಿಗೆ ದಾರಿ ಮಾಡಿಕೊಟ್ಟಿದ್ದವು.

ಅಷ್ಟಕ್ಕೂ ತಂತಿಯ ಹೊದಿಕೆ ಹರಿಯುವುದು ಹೇಗೆ? ಚಾವಣಿಯ ಮೇಲೆ ತಂತಿ ಸಾಗುವ ಉಕ್ಕಿನ ಪೈಪು 50 ಮೀಟರ್ ಉದ್ದವಿದೆ ಎನ್ನಿ. ನಸುಕಿಗೂ ನಡುಹಗಲಿಗೂ ಪೈಪಿನ ಬಿಸಿಯಲ್ಲಿ 40 ಡಿಗ್ರಿ ಅಂತರವಿದ್ದರೆ ಅದು ಸುಮಾರು 24 ಮಿಲಿಮೀಟರ್ ಹಿಗ್ಗುತ್ತದೆ, ಬೆರಳಿನ ಒಂದು ಗೆಣ್ಣಿನಷ್ಟು. ರಾತ್ರಿ ಅಷ್ಟೇ ಕುಗ್ಗುತ್ತದೆ. ಪೈಪಿನ ಬಾಯಲ್ಲಿ ಕತ್ತರಿಸಿದ ಚೂಪು ಅಂಚು ಹಾಗೆಯೇ ಉಳಿದಿದ್ದರೆ ಅದು ದಿನಕ್ಕೆರಡು ಸಲ, ವರ್ಷಕ್ಕೆ ಏಳುನೂರಕ್ಕೂ ಹೆಚ್ಚು ಸಲ, ತಂತಿಯ ಮೈಯನ್ನು ಒಂದೇ ಜಾಗದಲ್ಲಿ ಉಜ್ಜುತ್ತದೆ. ಅಂಚಿಗೆ ಅರ ಹಾಕಿ, ಪ್ಲಾಸ್ಟಿಕ್ ಬುಷ್ ಸಿಕ್ಕಿಸಿ, ಪೈಪಿಗೆ ಹಿಗ್ಗಲು ಜಾಗ ಬಿಡುವುದು ದೊಡ್ಡ ಕೆಲಸವೇನಲ್ಲ. ಆದರೆ ಉದ್ಘಾಟನೆಯ ದಿನದ ಫೋಟೋದಲ್ಲಿ ಅದು ಕಾಣುವುದಿಲ್ಲ.

2011ರಲ್ಲಿ ನಾರ್ತ್ ಕ್ಯಾರೊಲಿನಾದ ಮೌಂಟ್ ಹಾಲಿಯಲ್ಲಿ ಇದೇ ಬಗೆಯ ಬೆಂಕಿ ಕಾಣಿಸಿಕೊಂಡಿತು. ಫ್ಯೂಸಿನ ಈ ಕುರುಡನ್ನು ಅಮೆರಿಕದ ಎಂಜಿನಿಯರುಗಳು ಆಗ ಗಂಭೀರವಾಗಿ ತೆಗೆದುಕೊಂಡರು. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಟ್ರಾನ್ಸ್‌ಫಾರ್ಮರ್ ಇಲ್ಲದ ಇನ್ವರ್ಟರುಗಳಲ್ಲಿ ಡಿಸಿಯ ಯಾವ ತಂತಿಯನ್ನೂ ಭೂಮಿಗೆ ಜೋಡಿಸುವುದಿಲ್ಲ. ಬೆಳಿಗ್ಗೆ ಕೆಲಸ ಶುರು ಮಾಡುವ ಮೊದಲು ಇನ್ವರ್ಟರೇ ತಂತಿಗೂ ಭೂಮಿಗೂ ನಡುವಿನ ವಿದ್ಯುತ್ ನಿರೋಧವನ್ನು ಅಳೆಯುತ್ತದೆ. ಅದು ಸಾಲದೆಂದು ಕಂಡರೆ ಹೊರಡುವುದೇ ಇಲ್ಲ.

ನಮ್ಮ ಬೆಂಗಳೂರು, ಮಂಗಳೂರಿನ ಚಾವಣಿಗಳಲ್ಲೂ ಈ ಜಾತಿಯ ಇನ್ವರ್ಟರುಗಳೇ ಹೆಚ್ಚು. ಮಳೆಗಾಲದ ಬೆಳಿಗ್ಗೆ ಪರದೆಯ ಮೇಲೆ ಐಸೋಲೇಶನ್ ಫಾಲ್ಟ್, ಅಂದರೆ ವಿದ್ಯುತ್ತು ಎಲ್ಲೋ ಭೂಮಿಗೆ ಸೋರುತ್ತಿದೆ ಎಂದು ಬರುವುದುಂಟು. ಬಿಸಿಲೇರಿ ಕನೆಕ್ಟರಿನೊಳಗಿನ ತೇವ ಆರಿತೆಂದರೆ ಇನ್ವರ್ಟರ್ ತಾನಾಗಿ ಶುರುವಾಗುತ್ತದೆ. ಸರಿಹೋಯಿತಲ್ಲ ಎಂದು ಕೆಳಗಿನವರು ಮರೆತುಬಿಡುತ್ತಾರೆ. ಪಳಗಿದ ಎಲೆಕ್ಟ್ರಿಷಿಯನ್ ಮಾತ್ರ ಈ ನಿರೋಧವನ್ನು ಅಳೆಯುವ ಮೆಗ್ಗರ್ ಎಂಬ ಉಪಕರಣ ಹಿಡಿದು, ಬಿಸಿಲೇರುವ ಮೊದಲೇ ಮೇಲೆ ಹತ್ತುತ್ತಾರೆ. ಒಣಗಿದ ಮೇಲೆ ಹೋದರೆ ಸೋರುವ ಜಾಗ ಕೈಗೆ ಸಿಗುವುದಿಲ್ಲ.