ಏಳು ಆಟ, ಒಂದು ಹಿಡಿ ಅಡಿಕೆ

2016ರ ಜೂನ್ 11, ಶನಿವಾರ. ಕಾರವಾರದ ನಮ್ಮ ಮನೆಯ ಜಗಲಿಯಲ್ಲಿ ಇಬ್ಬರು ಹುಡುಗರು 160 ರೂಪಾಯಿಗಾಗಿ ಜಗಳ ಆಡುತ್ತಿದ್ದರು. ಒಬ್ಬ ನನ್ನ ತಮ್ಮನ ಮಗ, ಹುಬ್ಬಳ್ಳಿಯಲ್ಲಿ ಓದುತ್ತಿದ್ದವನು. ಇನ್ನೊಬ್ಬ ಪಕ್ಕದ ಮನೆಯವನು. ಅವನ ಅಪ್ಪನ ಬೋಟು ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಬೈತಖೋಲದಲ್ಲಿ ಸುಮ್ನೆ ನಿಂತಿತ್ತು. ಹಾಗಾಗಿ ಅವರ ಮನೆಯ ಟಿವಿ ಅಪ್ಪನ ಕೈಯಲ್ಲಿ, ಮಗ ನಮ್ಮ ಮನೆಯಲ್ಲಿ.

ಜಗಳದ ವಿಷಯ ಎನ್‌ಬಿಎ, ಅಂದರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಿನ ಫೈನಲ್. ಅಮೆರಿಕದಲ್ಲಿ ರಾತ್ರಿ ಆಡುವ ಬಾಸ್ಕೆಟ್‌ಬಾಲ್ ನಮಗೆ ಬೆಳಗಿನ ಚಹಾದ ಹೊತ್ತಿಗೆ ಬರುತ್ತದೆ. ಗೋಲ್ಡನ್ ಸ್ಟೇಟ್ ವಾರಿಯರ್ಸ್ ಒಂದು ಕಡೆ, ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ಇನ್ನೊಂದು ಕಡೆ. ಏಳು ಆಟಗಳ ಸರಣಿ, ಮೊದಲು ನಾಲ್ಕು ಗೆದ್ದವರಿಗೆ ಕಪ್. ತಮ್ಮನ ಮಗ ಗೋಲ್ಡನ್ ಸ್ಟೇಟ್ ಮೇಲೆ, ಪಕ್ಕದ ಮನೆಯವ ಕ್ಲೀವ್‌ಲ್ಯಾಂಡ್ ಮೇಲೆ ತಲಾ 80 ರೂಪಾಯಿ ಪಣ ಇಟ್ಟಿದ್ದರು. ಅವತ್ತು ನಾಲ್ಕನೇ ಆಟ ಮುಗಿದು ಗೋಲ್ಡನ್ ಸ್ಟೇಟ್ 3, ಕ್ಲೀವ್‌ಲ್ಯಾಂಡ್ 1 ಆಗಿತ್ತು. ತಮ್ಮನ ಮಗ ಮಧ್ಯಾಹ್ನದ ಬಸ್ಸಿಗೆ ಹೊರಡುವವ. ಲೆಕ್ಕ ಈಗಲೇ ಚುಕ್ತಾ ಆಗಬೇಕು ಅಂತ ಅವನ ಹಟ.

‘ಇನ್ನೇನು ಉಳಿದಿದೆ ದೊಡ್ಡಪ್ಪ? ಪೂರ್ತಿ ನನ್ನದೇ.’

‘ಸರಣಿ ಮುಗಿದಿಲ್ಲ ಮಾಸ್ತರೇ. ಅವರವರ 80 ಅವರಿಗೆ ವಾಪಸ್.’

ಒಳಗಿನಿಂದ ನನ್ನ ಹೆಂಡತಿ ಕೂಗಿ ಹೇಳಿದಳು: ‘ಮೂರು ಗೆದ್ದವನಿಗೆ ಮೂರು ಪಾಲು, ಒಂದು ಗೆದ್ದವನಿಗೆ ಒಂದು ಪಾಲು. 120, 40. ಗಲಾಟೆ ನಿಲ್ಲಿಸಿ.’

ಮೂರೂ ತಪ್ಪು. ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನಿಗೆ ಇಂಥ ಬೆಳಗು ಪದೇ ಪದೇ ಸಿಗುವುದಿಲ್ಲ. ಬನ್ಸ್ ಆರಿ ತಣ್ಣಗಾಗುವ ತನಕ ಮಾತಾಡಿದೆ.

ನನ್ನ ಹೆಂಡತಿ ಒಬ್ಬಳೇ ಹಾಗೆ ಹೇಳಿದ್ದಲ್ಲ. 1494ರಲ್ಲಿ ಇಟಲಿಯ ಲೂಕಾ ಪಾಚೋಲಿ ತನ್ನ ಗಣಿತದ ಪುಸ್ತಕದಲ್ಲಿ ಇದೇ ಪ್ರಶ್ನೆ ಹಾಕಿದ್ದ. ಎರಡು ತಂಡ ಪಣ ಕಟ್ಟಿ ಚೆಂಡಾಟ ಆಡುತ್ತಿವೆ, ಆಟ ಅರ್ಧಕ್ಕೇ ನಿಂತಿತು, ಹಣ ಹೇಗೆ ಹಂಚುವುದು? ಈವರೆಗೆ ಗೆದ್ದ ಪ್ರಮಾಣದಲ್ಲಿ ಹಂಚಿ ಅಂದ ಪಾಚೋಲಿ. ಅಂದರೆ ನಮ್ಮ ಮನೆಯ 120, 40. ಇದು ಸರಿಯಲ್ಲ ಅನ್ನುವ ಅನುಮಾನ ಆಮೇಲೆ ಬಂದವರಿಗೆ ಇತ್ತು. ಆದರೆ ಸರಿ ಯಾವುದು ಅಂತ ಗಟ್ಟಿಯಾಗಿ ಗೊತ್ತಾಗಲು 1654 ಬರಬೇಕಾಯಿತು. ಆ ವರ್ಷ ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಇದರ ಬಗ್ಗೆ ಕಾಗದ ಬರೆದುಕೊಂಡರು. ಸಂಭವನೀಯತೆಯ ಗಣಿತ ಹುಟ್ಟಿದ್ದು ಆ ಕಾಗದಗಳಿಂದ. ಇವತ್ತು ಇನ್ಶೂರೆನ್ಸ್ ಕಂತು ಕಟ್ಟುವಾಗ ನಾವು ಬಳಸುವುದು ಅದರ ಮೊಮ್ಮಕ್ಕಳನ್ನೇ.

ಅವರಿಬ್ಬರು ಕಂಡುಕೊಂಡದ್ದು ಇಷ್ಟು: ಗೆದ್ದ ಆಟಗಳನ್ನು ಎಣಿಸಬೇಡಿ, ಗೆಲ್ಲಲು ಬಾಕಿ ಇರುವುದನ್ನು ಎಣಿಸಿ. ಕ್ಲೀವ್‌ಲ್ಯಾಂಡ್‌ಗೆ ಉಳಿದ ಮೂರೂ ಆಟ ಬೇಕು. ಎರಡೂ ತಂಡ ಸರಿಸಮ ಅಂತ ಇಟ್ಟುಕೊಂಡರೆ, ನಾಣ್ಯ ಮೂರು ಸಲ ಒಂದೇ ಮುಖಕ್ಕೆ ಬೀಳಬೇಕು. ಅರ್ಧದಲ್ಲಿ ಅರ್ಧ, ಅದರಲ್ಲೂ ಅರ್ಧ. ಎಂಟರಲ್ಲಿ ಒಂದು. ಹಾಗಾಗಿ 160ರಲ್ಲಿ ಪಕ್ಕದ ಮನೆಯವನಿಗೆ 20, ನನ್ನ ತಮ್ಮನ ಮಗನಿಗೆ 140. ಇಬ್ಬರೂ ಮುಖ ಗಂಟಿಕ್ಕಿಕೊಂಡು ಒಪ್ಪಿದರು.

ಹೊರಡುವಾಗ ತಮ್ಮನ ಮಗ ಒಂದು ಮಾತು ಹೇಳಿದ. ಅವನು ನಾಲ್ಕೂ ಆಟ ನೋಡಿದ್ದು ಬೆತ್ತದ ಕುರ್ಚಿಯಲ್ಲಿ ಕೂತು. ಮೂರನೇ ಆಟದಲ್ಲಿ ಮಾತ್ರ ನಡುವೆ ಎದ್ದು ಹೋಗಿದ್ದನಂತೆ, ಗೋಲ್ಡನ್ ಸ್ಟೇಟ್ ಸೋತದ್ದು ಅದೊಂದೇ ಆಟ. ‘ಆ ಕುರ್ಚಿಯಲ್ಲಿ ಬೇರೆ ಯಾರನ್ನೂ ಕೂರಿಸಬೇಡ ದೊಡ್ಡಪ್ಪ.’ ಇಂಜಿನಿಯರಿಂಗ್ ಓದುವ ಹುಡುಗ! ಕಾಲ್ಗುಣ ಹೋಗಿ ಕುರ್ಚಿಗುಣ ಬಂದಿದೆ, ಅಷ್ಟೇ ವ್ಯತ್ಯಾಸ.

ಅವನನ್ನು ಬೈದು ಪ್ರಯೋಜನ ಇಲ್ಲ ಬಿಡಿ. ನಾಲ್ಕು ಆಟ ನೋಡಿ ಕಾರಣ ಹುಡುಕಿದರೆ ಯಾವ ಕಾರಣವೂ ಸಿಗುತ್ತದೆ. ಟಿವಿಯಲ್ಲಿ ಕೂತು ಸತತ ಮೂರು ಪಂದ್ಯದ ಫಲ ಸರಿಯಾಗಿ ಹೇಳಿದೆ ಅಂತ ಬೀಗುವ ಜ್ಯೋತಿಷಿಯದೂ ಇದೇ ಕಥೆ. ಎಂಟು ಜನ ಕಣ್ಣು ಮುಚ್ಚಿ ಮೂರು ಪಂದ್ಯ ಊಹಿಸಿದರೆ, ಸರಾಸರಿ ಒಬ್ಬನದು ಪೂರ್ತಿ ಸರಿ ಆಗುತ್ತದೆ. ಉಳಿದ ಏಳು ಜನರನ್ನು ಟಿವಿಗೆ ಕರೆಯುವುದಿಲ್ಲ, ಅಲ್ವಾ?

ಮುಖ್ಯ ಪ್ರಶ್ನೆ ಬೇರೆಯದು. ಏಳು ಆಟ ಯಾಕೆ? ಒಂದೇ ಫೈನಲ್ ಆಡಿ ಮುಗಿಸಬಾರದೇ?

ನಾನು ಹುಟ್ಟಿ ಬೆಳೆದದ್ದು ಶಿರಸಿ ಕಡೆ. ಅಪ್ಪನ ಜೊತೆ ಚಾಲಿ ಅಡಿಕೆಯ ಮೂಟೆ ಹೇರಿಕೊಂಡು ವಖಾರಿಗೆ ಹೋಗುತ್ತಿದ್ದೆ. ವ್ಯಾಪಾರಿ ಪ್ರತಿ ಅಡಿಕೆ ನೋಡುವುದಿಲ್ಲ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ, ಎರಡು ಅಡಿಕೆ ಅಡಕತ್ತರಿಯಲ್ಲಿ ಕತ್ತರಿಸಿ ನೋಡುತ್ತಾನೆ, ದರ ಹೇಳುತ್ತಾನೆ. ಆ ಎರಡರಲ್ಲಿ ಒಂದು ಹಾಳಾಗಿದ್ದರೆ? ನೂರಕ್ಕೆ ಐದು ಮಾತ್ರ ಹಾಳಾದ ಚೀಲವೂ ಆ ಗಳಿಗೆಯಲ್ಲಿ ಅರ್ಧಕ್ಕರ್ಧ ಹಾಳಾದ ಚೀಲದ ಹಾಗೆ ಕಾಣುತ್ತದೆ. ಅದಕ್ಕೇ ಅಪ್ಪ ‘ಇನ್ನೊಂದು ಹಿಡಿ ತೆಗೀರಿ, ತಳದಿಂದ ತೆಗೀರಿ’ ಅನ್ನುತ್ತಿದ್ದ. ನಮ್ಮ ಅಡಿಕೆ ಚೆನ್ನಾಗಿದ್ದ ವರ್ಷ ಮಾತ್ರ. ಚೆನ್ನಾಗಿಲ್ಲದ ವರ್ಷ ಸುಮ್ಮನಿರುತ್ತಿದ್ದ. ನಾನು ಸಂಖ್ಯಾಶಾಸ್ತ್ರ ಕಲಿತದ್ದು ಅಲ್ಲಿ: ಹಿಡಿ ದೊಡ್ಡದಾದಷ್ಟೂ ಒಳ್ಳೆಯ ಮಾಲಿನವನಿಗೆ ಲಾಭ, ಸಣ್ಣದಾದಷ್ಟೂ ಕೆಟ್ಟ ಮಾಲಿನವನಿಗೆ ಲಾಭ.

ಕಡಲ ಕಡೆಯವರಿಗೆ ಬೇರೆ ಹೋಲಿಕೆ ಕೊಡುತ್ತೇನೆ. ಟ್ಯಾಗೋರ್ ಬೀಚಿನಲ್ಲಿ ನಿಂತು ಒಂದೇ ಒಂದು ಅಲೆ ನೋಡಿ, ಉಬ್ಬರವೋ ಇಳಿತವೋ ಹೇಳಿ ನೋಡೋಣ. ಆಗುವುದಿಲ್ಲ. ಇಳಿತದಲ್ಲೂ ಒಂದು ಪುಂಡ ಅಲೆ ಬಂದು ಚಪ್ಪಲಿ ಒದ್ದೆ ಮಾಡುತ್ತದೆ. ಅರ್ಧ ಗಂಟೆ ಕೂತು ನೋಡಿದರೆ ಮಕ್ಕಳಿಗೂ ಗೊತ್ತಾಗುತ್ತದೆ. ಒಂದು ಆಟ ಒಂದು ಅಲೆ. ತಂಡದ ನಿಜವಾದ ಶಕ್ತಿ ಉಬ್ಬರ ಇಳಿತ.

‘ಅನ್ನ ಬೆಂದಿದೆಯೋ ನೋಡಲು ಒಂದು ಅಗುಳು ಸಾಕು’ ಅಂತ ಗಾದೆ ಇದೆಯಲ್ಲ ಎಂದು ಕೇಳಬಹುದು. ಅದು ಅನ್ನಕ್ಕೆ ಸರಿ. ಒಂದೇ ಪಾತ್ರೆ, ಒಂದೇ ನೀರು, ಒಂದೇ ಬೆಂಕಿ, ಎಲ್ಲ ಅಗುಳೂ ಹೆಚ್ಚುಕಡಿಮೆ ಒಂದೇ ಥರ. ಆಟಗಳು ಹಾಗಲ್ಲ.

ಈಗ ಬಾಸ್ಕೆಟ್‌ಬಾಲ್‌ನ ವಿಶೇಷಕ್ಕೆ ಬರೋಣ. ಇಲ್ಲಿ ಹಿಡಿಯೊಳಗೆ ಹಿಡಿ ಇದೆ. ಒಂದು ಎನ್‌ಬಿಎ ಆಟದಲ್ಲಿ ಪ್ರತಿ ತಂಡಕ್ಕೆ ಸುಮಾರು ನೂರು ಸಲ ಚೆಂಡು ಕೈಗೆ ಸಿಗುತ್ತದೆ. ಫುಟ್‌ಬಾಲ್‌ನಲ್ಲಿ ಇಡೀ ಆಟಕ್ಕೆ ಎರಡೋ ಮೂರೋ ಗೋಲು. ಅಲ್ಲಿ ಒಂದು ಅದೃಷ್ಟದ ಒದೆತ ಕಪ್ಪನ್ನೇ ತಿರುಗಿಸಬಹುದು. ಬಾಸ್ಕೆಟ್‌ಬಾಲ್‌ನಲ್ಲಿ ಒಂದು ಬುಟ್ಟಿ ಅಂದರೆ ಚೀಲದಲ್ಲಿ ಒಂದು ಅಡಿಕೆ.

ಲೆಕ್ಕ ಹಾಕಿ ನೋಡಿ. ಒಂದು ತಂಡ ಸ್ವಲ್ಪವೇ ಸ್ವಲ್ಪ ಮೇಲು: ಪ್ರತಿ ಸಣ್ಣ ಸೆಣಸಾಟದಲ್ಲಿ ನೂರಕ್ಕೆ 53 ಸಲ ಗೆಲ್ಲುತ್ತದೆ. ಕಣ್ಣಿಗೆ ಕಾಣುವ ವ್ಯತ್ಯಾಸವೇ ಅಲ್ಲ. ಇಂಥ 25 ಸೆಣಸಾಟ ಸೇರಿ ಒಂದು ಆಟ ಆದರೆ, ಆ ತಂಡ ಗೆಲ್ಲುವುದು ನೂರಕ್ಕೆ 62 ಆಟ. 101 ಸೆಣಸಾಟ ಆದರೆ 73. ಈಗ ಆ 73ನ್ನು ತೆಗೆದುಕೊಂಡು ಏಳು ಆಟದ ಸರಣಿ ಆಡಿಸಿ: ನೂರಕ್ಕೆ 91 ಸರಣಿ ಅದರದೇ. 53, 73, 91. ಸಣ್ಣ ಹಳ್ಳ ಹಳ್ಳ ಸೇರಿ ಕಾಳಿ ನದಿ ಆದ ಹಾಗೆ. ಇದನ್ನು ಮೊದಲ ಸಲ ಕಾಗದದ ಮೇಲೆ ಮಾಡಿದ ದಿನ ನಾನು ಸರಿಯಾಗಿ ಊಟ ಮಾಡಿರಲಿಲ್ಲ. ಹಿಡಿ ಸಣ್ಣದಾದರೆ ಇದೇ ಲೆಕ್ಕ ಉಲ್ಟಾ. ಒಂದು ಆಟ ಗೆಲ್ಲುವ ಸಾಧ್ಯತೆ ನೂರಕ್ಕೆ 60 ಇರುವ ತಂಡ ಮೂರು ಆಟದ ಸರಣಿಯಲ್ಲಿ 65ಕ್ಕೆ ನಿಲ್ಲುತ್ತದೆ, ಐದರಲ್ಲಿ 68, ಏಳರಲ್ಲಿ 71.

ಸೋಲುವ ತಂಡಗಳಿಗೆ ಇದು ಗಣಿತ ಇಲ್ಲದೆಯೂ ಗೊತ್ತಿರುತ್ತದೆ. 1950ರ ನವೆಂಬರ್ 22ರಂದು ಫೋರ್ಟ್ ವೇನ್ ಪಿಸ್ಟನ್ಸ್ ತಂಡ ಮಿನ್ನಿಯಾಪೊಲಿಸ್ ಲೇಕರ್ಸ್ ಎದುರು ಆಡಲು ಹೋಯಿತು. ಲೇಕರ್ಸ್‌ನಲ್ಲಿ ಆರಡಿ ಹತ್ತಂಗುಲದ ಜಾರ್ಜ್ ಮೈಕನ್ ಇದ್ದ, ಆ ಕಾಲದ ಭೀಮ. ನೇರವಾಗಿ ಆಡಿದರೆ ಸೋಲು ಖಂಡಿತ. ಪಿಸ್ಟನ್ಸ್ ಏನು ಮಾಡಿದರು? ಚೆಂಡು ಹಿಡಿದುಕೊಂಡು ಸುಮ್ನೆ ನಿಂತರು! ಆಗ ಎಷ್ಟು ಹೊತ್ತು ಬೇಕಾದರೂ ಚೆಂಡು ಇಟ್ಟುಕೊಳ್ಳಬಹುದಿತ್ತು. ಜನ ಕೂಗಿದರು, ಬೈದರು. ಎರಡೂ ಕಡೆ ಸೇರಿ ಆಟದ ನಡುವೆ ಬುಟ್ಟಿಗೆ ಬಿದ್ದದ್ದು ಎಂಟೇ ಸಲ, ಉಳಿದ ಅಂಕ ಫ್ರೀ ಥ್ರೋ, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ ಉಚಿತ ಎಸೆತ. ಲೇಕರ್ಸ್‌ನ 18 ಅಂಕದಲ್ಲಿ 15 ಮೈಕನ್‌ದೇ. ಕೊನೆಗೆ ಪಿಸ್ಟನ್ಸ್ 19, ಲೇಕರ್ಸ್ 18. ಎನ್‌ಬಿಎ ಚರಿತ್ರೆಯಲ್ಲೇ ಅತಿ ಕಡಿಮೆ ಅಂಕದ ಆಟ ಅದು. ನನಗೆ ಮಾತ್ರ ಅದು ಬಹಳ ಬುದ್ಧಿವಂತರ ಆಟ. ಕೆಟ್ಟ ಮಾಲಿನವ ವ್ಯಾಪಾರಿಯ ಕೈಯನ್ನು ಚೀಲದ ಬಾಯಲ್ಲೇ ಹಿಡಿದು ನಿಲ್ಲಿಸಿದ ಹಾಗೆ.

ಇಂಥ ಆಟ ನೋಡಲು ಯಾರು ಟಿಕೆಟ್ ತೆಗೆದಾರು? 1954ರಲ್ಲಿ ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಒಂದು ಲೆಕ್ಕ ಹಾಕಿದ. ಅವನು ಗಣಿತದವನಲ್ಲ, ಚೆಂಡು ಉರುಳಿಸಿ ಗೂಟ ಬೀಳಿಸುವ ಬೌಲಿಂಗ್ ಆಟದ ಅಂಗಡಿ ನಡೆಸುತ್ತಿದ್ದವನು. ಖುಷಿ ಕೊಡುವ ಆಟಗಳಲ್ಲಿ ಪ್ರತಿ ತಂಡ ಸುಮಾರು 60 ಸಲ ಬುಟ್ಟಿಗೆ ಎಸೆಯುತ್ತದೆ, ಎರಡೂ ಸೇರಿ 120. ಆಟ 48 ನಿಮಿಷ, ಅಂದರೆ 2880 ಸೆಕೆಂಡು. 2880ನ್ನು 120ರಿಂದ ಭಾಗಿಸಿ: 24. ಇಂದಿಗೂ ಎನ್‌ಬಿಎ ಬುಟ್ಟಿಯ ಮೇಲೆ ಓಡುವ 24 ಸೆಕೆಂಡಿನ ಗಡಿಯಾರ ಬಂದದ್ದು ಈ ಭಾಗಾಕಾರದಿಂದ. ಅಷ್ಟರೊಳಗೆ ಎಸೆಯಲೇಬೇಕು. ಒಂದೇ ವರ್ಷದಲ್ಲಿ ತಂಡದ ಸರಾಸರಿ ಅಂಕ 80ರ ಆಸುಪಾಸಿನಿಂದ 93ಕ್ಕೆ ಏರಿತು. ಆ ವರ್ಷದ, ಅಂದರೆ 1955ರ ಫೈನಲ್‌ನಲ್ಲಿ ಎದುರಾದವರು ಯಾರು ಗೊತ್ತಾ? ಬಿಯಾಸೋನ್‌ನ ಸಿರಾಕ್ಯೂಸ್ ಮತ್ತು ಅದೇ ಫೋರ್ಟ್ ವೇನ್. ಏಳನೇ ಆಟದವರೆಗೂ ಹೋಯಿತು. ಸಿರಾಕ್ಯೂಸ್ 92, ಫೋರ್ಟ್ ವೇನ್ 91. ಗಡಿಯಾರ ತಂದವನೇ ಒಂದು ಅಂಕದಲ್ಲಿ ಗೆದ್ದ.

‘ಲಯ ಸಿಕ್ಕಿದೆ’, ‘ಕೈ ಕುದುರಿದೆ’ ಅನ್ನುವ ಮಾತಿನ ಬಗ್ಗೆಯೂ ಒಂದಿಷ್ಟು ಹೇಳಬೇಕು. 1985ರಲ್ಲಿ ಗಿಲೋವಿಚ್, ವಲೋನ್, ಟ್ವರ್ಸ್ಕಿ ಎಂಬ ಮೂವರು ಸಂಶೋಧಕರು ಬಾಸ್ಕೆಟ್‌ಬಾಲ್ ಆಟಗಾರರ ಎಸೆತಗಳನ್ನು ಎಣಿಸಿ, ಕೈ ಕುದುರುವುದು ಬರೀ ಭ್ರಮೆ ಅಂದರು. ನಾನು ಅದನ್ನು ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ. 2018ರಲ್ಲಿ ಮಿಲ್ಲರ್ ಮತ್ತು ಸಾನ್‌ಹುರ್ಹೋ ಆ ಎಣಿಕೆಯಲ್ಲೇ ಒಂದು ಸೂಕ್ಷ್ಮ ತಪ್ಪಿದೆ, ಅದನ್ನು ತಿದ್ದಿದರೆ ಕೈ ಸ್ವಲ್ಪ ಕುದುರುವುದು ನಿಜ ಅಂತ ತೋರಿಸಿದರು. ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಓದುತ್ತಿದ್ದರೆ ತಿದ್ದಿಕೊಳ್ಳಿ. ಆದರೆ ಅದು ಒಬ್ಬ ಆಟಗಾರನ ಕೈಯ ಮಾತು, ಕುರ್ಚಿಯ ಮಾತಲ್ಲ.

ಆ ಜೂನ್‌ನಲ್ಲಿ ಕೆಲವರು ಇನ್ನೊಂದು ಹೇಳುತ್ತಿದ್ದರು. ಅಲ್ಲಿಯವರೆಗೆ ಫೈನಲ್‌ನಲ್ಲಿ 3–1ರಿಂದ ಹಿಂದೆ ಬಿದ್ದ 32 ತಂಡಗಳಲ್ಲಿ ಒಂದೂ ಗೆದ್ದಿರಲಿಲ್ಲ. ಶಾಪ! ಎಂಟರಲ್ಲಿ ಒಂದು ಅನ್ನುವ ನನ್ನ ಲೆಕ್ಕದ ಪ್ರಕಾರ 32ರಲ್ಲಿ ನಾಲ್ಕಾದರೂ ಗೆಲ್ಲಬೇಕಿತ್ತಲ್ಲ? ಒಳ್ಳೆಯ ಪ್ರಶ್ನೆ. ಉತ್ತರ ಮತ್ತೆ ಚೀಲದಲ್ಲೇ ಇದೆ. ನಾಲ್ಕರಲ್ಲಿ ಮೂರು ಸೋತ ತಂಡ ಸರಿಸಮ ಆಗಿರುವ ಸಾಧ್ಯತೆಯೇ ಕಡಿಮೆ. ಹಿಡಿಯಲ್ಲಿ ಬಂದ ಅಡಿಕೆ ಚೀಲದ ಸುದ್ದಿಯನ್ನೂ ಸ್ವಲ್ಪ ಹೇಳುತ್ತದೆ. ಆ ತಂಡ ಆಟವೊಂದನ್ನು ಗೆಲ್ಲುವ ಸಾಧ್ಯತೆ ನೂರಕ್ಕೆ 40 ಅಂತ ಇಟ್ಟರೆ, ಮೂರೂ ಗೆಲ್ಲುವುದು ನೂರಕ್ಕೆ ಆರೂವರೆಗಿಂತ ಕಡಿಮೆ. ಆಗ 32ರಲ್ಲಿ ಎರಡನ್ನು ನಿರೀಕ್ಷಿಸಬಹುದು, ಸೊನ್ನೆ ಬಂದರೂ ಆಶ್ಚರ್ಯ ಇಲ್ಲ. ಗೋಲ್ಡನ್ ಸ್ಟೇಟ್ ಆ ವರ್ಷ ಲೀಗ್ ಹಂತದ 82 ಆಟದಲ್ಲಿ 73 ಗೆದ್ದು ದಾಖಲೆ ಮಾಡಿದ ತಂಡ ಬೇರೆ. ನಿಜ ಹೇಳಬೇಕೆಂದರೆ ಪಕ್ಕದ ಮನೆಯವನಿಗೆ 20 ರೂಪಾಯಿಯೂ ಜಾಸ್ತಿಯೇ ಆಗಿತ್ತು.

ಐದನೇ ಆಟ ಕ್ಲೀವ್‌ಲ್ಯಾಂಡ್ ಗೆದ್ದಿತು, 112–97. ಆರನೆಯದೂ ಅವರದೇ, 115–101. ಜೂನ್ 20ರ ಸೋಮವಾರ ಬೆಳಿಗ್ಗೆ ಏಳನೇ ಆಟ. ಕೊನೆಯಲ್ಲಿ 89–89 ಆಗಿ, ನಿಮಿಷಗಟ್ಟಲೆ ಯಾರ ಬುಟ್ಟಿಗೂ ಚೆಂಡು ಬೀಳಲಿಲ್ಲ. ಕ್ಲೀವ್‌ಲ್ಯಾಂಡ್‌ನ ಲೆಬ್ರಾನ್ ಜೇಮ್ಸ್ ಹಿಂದಿನಿಂದ ಓಡಿ ಬಂದು ಎದುರಾಳಿಯ ಒಂದು ಎಸೆತವನ್ನು ಬೋರ್ಡಿಗೆ ಅಪ್ಪಳಿಸಿದ. ಅದೇ ತಂಡದ ಕೈರಿ ಅರ್ವಿಂಗ್ ದೂರದಿಂದ ಮೂರು ಅಂಕ ಹೊಡೆದ. 93–89. ಮೂವತ್ತಮೂರನೇ ತಂಡ ಗೆದ್ದಿತು.

ಆಟ ಮುಗಿದದ್ದೇ ತಡ ಪಕ್ಕದ ಮನೆಯವ ನನ್ನ ಕಡೆ ತಿರುಗಿದ. ‘ಮಾಸ್ತರೇ, ನಿಮ್ಮ ಆ ಫ್ರಾನ್ಸಿನವರಿಂದ ನನಗೆ 140 ರೂಪಾಯಿ ಲುಕ್ಸಾನು.’ ಎಂಟರಲ್ಲಿ ಒಂದು ಅಂದರೆ ಸೊನ್ನೆ ಅಲ್ಲ ಮಾರಾಯ, ಹಂಚುವ ಹೊತ್ತಿಗೆ ಅದೇ ನ್ಯಾಯ ಅಂತ ಹೇಳಲು ಹೋದೆ. ಅವನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಬನ್ಸ್ ಮತ್ತು ಚಹಾ ಕೊಡಿಸಿ ಸಮಾಧಾನ ಮಾಡಿದೆ. ಎರಡು ಪ್ಲೇಟ್ ತಿಂದ.

ಸಂಜೆ ಹುಬ್ಬಳ್ಳಿಯಿಂದ ಫೋನು ಬಂತು.

‘ದೊಡ್ಡಪ್ಪ, ನಿಜ ಹೇಳು. ಆ ಕುರ್ಚಿಯಲ್ಲಿ ಯಾರು ಕೂತಿದ್ದರು?’

ಅವನು ಹೋದ ಮೇಲಿನ ಮೂರೂ ಆಟ ಬೆತ್ತದ ಕುರ್ಚಿಯಲ್ಲಿ ಕೂತು ನೋಡಿದ್ದು ನಾನೇ. ‘ಯಾರೂ ಇಲ್ಲ, ಖಾಲಿ ಇತ್ತು’ ಅಂದೆ.

‘ಅದಕ್ಕೇ ನೋಡು’ ಅಂದ.